ಬಾಗಿಲು ತಟ್ಟಿದ ಮೇಲೆ ಸ್ವಲ್ಪ ಕಾಯಿರಿ

ಯಂಗ್ಸ್‌ಟೌನ್, ಓಹಾಯೋ
ಜನವರಿ

ಅಮೆರಿಕನ್ ಫುಟ್‌ಬಾಲ್ ಕೀರ್ತಿಭವನದ (ಹಾಲ್ ಆಫ್ ಫೇಮ್) ಅಧ್ಯಕ್ಷರಿಗೆ ವಂದನೆಗಳು.

ನನ್ನ ಗಂಡ ವೆಂಡೆಲ್ ಕುಜ್ಮಾ ಅವರ ಹೆಸರು ನಿಮ್ಮ ಆಯ್ಕೆಯ ಕೊನೆಯ ಸುತ್ತಿಗೆ ಬಂದಿದೆಯಂತೆ! ಊರೆಲ್ಲ ಅದೇ ಜಗಳ. ನಿನ್ನೆ ಊಟಕ್ಕೆ ಬಂದ ನನ್ನ ತಮ್ಮ ಲೂ, “ಭಾವ ಒಂದ್ಸಲನಾದ್ರೂ ಚೆಂಡು ಮುಟ್ಟಿದಾರೇನಕ್ಕಾ? ಎದುರಿನವ್ರನ್ನ ತಳ್ಳೋದು ಬಿಟ್ರೆ ಏನ್ ಕಡಿದು ಕಟ್ಟೆ ಹಾಕಿದಾರೆ?” ಎಂದ. ನನಗೆ ರೇಗಿಹೋಯಿತು.

“ಲೋ, ಮೈಮೇಲೆ ಬೀಳೋಕೆ ಬರೋರನ್ನ ಇವರು ತಳ್ಳದೇ ಹೋಗಿದ್ರೆ ಚೆಂಡು ಎಸೆಯೋ ನಿಮ್ಮ ಹೀರೋ ಆಸ್ಪತ್ರೇಲಿ ಇರ್ತಿದ್ದ. ಅವನ ಅಂಗೀಗೆ ಮಣ್ಣಾಗ್ಲಿಲ್ವಲ್ಲ, ಅದೇ ಕಣೋ ಇವರ ಸ್ಕೋರು!”

ವೆಂಡೆಲ್ ಮಾತ್ರ, “ಬಿಡೇ, ಯಾರಿಗೆ ಬೇಕು ಅದೆಲ್ಲ” ಎಂದು ಎದ್ದುಹೋದರು.

ನಿಮ್ಮ ತೀರ್ಮಾನಕ್ಕೆ ನಾನು ಬಾಯಿ ಹಾಕುವುದಿಲ್ಲ. ಆಯ್ಕೆಯಾದವರ ಮನೆಗೆ ನೀವೇ ಹೋಗಿ ಬಾಗಿಲು ತಟ್ಟುವುದು ವಾಡಿಕೆಯಲ್ಲವೇ? ನಮ್ಮಲ್ಲಿಗೆ ಬಂದರೆ, ತಟ್ಟಿದ ಮೇಲೆ ಸ್ವಲ್ಪ ಕಾಯಿರಿ. ಅವರ ಎರಡೂ ಮೊಣಕಾಲು ಸವೆದಿವೆ, ಏಳಲು ಹೊತ್ತು ಹಿಡಿಯುತ್ತದೆ. ಯಾರೂ ಇಲ್ಲವೆಂದು ಹೊರಟುಬಿಡಬೇಡಿ. ಮುಂಬಾಗಿಲು ನಿಮಗೇ ಮೀಸಲಿರಲಿ ಅಂತ ನೆರೆಯವರಿಗೆಲ್ಲ ಈ ತಿಂಗಳು ಹಿಂಬಾಗಿಲಿಂದಲೇ ಬನ್ನಿ ಎಂದು ತಾಕೀತು ಮಾಡಿದ್ದೇನೆ.

ಬೆಳಿಗ್ಗೆಯಿಂದ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿಯನ್ನು ಮುಂಬಾಗಿಲ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದಾರೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ.

ಹೊರಗೆ ಹಿಮ ಸುರಿಯುತ್ತಿದೆ.

ಇಂತಿ,
ಡಾಟಿ ಕುಜ್ಮಾ