ಹಾನಿಯಾಳ ಕಾಲ್

ಸಮಾಮಿಶ್, ಅಮೆರಿಕ
೧೪ ಅಕ್ಟೋಬರ್ ೨೦೨೫

ಪ್ರೀತಿಯ ಜುವೇರಿಯಾ ಆಪಾ,

ಅಸ್ಸಲಾಮು ಅಲೈಕುಂ. ಫೋನಿನಲ್ಲಿ ಹೇಳಲಾಗದ್ದಕ್ಕೆ ಈ ಕಾಗದ. ಮೈಸೂರಿನ ಶಾಲೆ ನಮಗಿಬ್ಬರಿಗೂ ಕಲಿಸಿದ ಅಕ್ಷರಗಳನ್ನು ನಿನ್ನ ಲೆಸ್ಟರ್‌ನ ಮನೆಯಲ್ಲಿ ನೀನು ಮತ್ತು ಖಾದರ್ ಭಾಯಿ ಬಿಟ್ಟರೆ ಯಾರೂ ಓದಲಾರರು ಎನ್ನುವುದೂ ಒಂದು ಧೈರ್ಯ.

ಭಾನುವಾರ ನೀನು ಎಂದಿನಂತೆ, "ಕಾಲ್ ಬಂತೇನೇ?" ಎಂದೆ. ಇಂಗ್ಲೆಂಡ್ ಫುಟ್‌ಬಾಲ್ ತಂಡದಿಂದ ನಿನ್ನ ಮಗಳಿಗೆ ಕರೆ ಬಂತೇ ಎಂದು. ಹಾನಿಯಾ ನನ್ನೆದುರೇ ಮಂಡಿಗೆ ಐಸ್ ಕಟ್ಟಿಕೊಂಡು ಕೂತಿದ್ದಳು. "ಹಾನಿಯಾ ಕಾಲ್ ವಿಷ್ಯಾನೇ ಹೇಳೋಣ ಅಂತಿದ್ದೆ" ಎಂದೆ. ನೀನು ಮುಂದಕ್ಕೆ ಕೇಳಲೇ ಇಲ್ಲ. "ರೀ, ಕಾಲ್ ಬಂತಂತೆ" ಎಂದು ಖಾದರ್ ಭಾಯಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಬಂದದ್ದು ನಿಮ್ಮ ಬೀದಿಯವರಿಗೆಲ್ಲ ಶೀರ್ ಖುರ್ಮಾ ಹಂಚುತ್ತಿರುವ ಫೋಟೋ.

ನಾನು ಹೇಳಿದ್ದು ಫೋನಿನ ಕಾಲ್ ಅಲ್ಲ ಆಪಾ, ಮೈಗೆ ಅಂಟಿದ ಕಾಲು. ಇಲ್ಲೇ ಹತ್ತಿರದ ಕೆಂಟ್‌ನಲ್ಲಿ, ತನ್ನ ಕ್ಲಬ್‌ನ ಮೈದಾನದಲ್ಲಿ ಅಭ್ಯಾಸ ಮಾಡುವಾಗ ಎಡಮಂಡಿ ತಿರುಚಿತು. ಹಿಂದೆ ಎರಡು ಸಲ ಆಪರೇಷನ್ ಆದ ಮಂಡಿಯೇ. ಇನ್ನು ಆಡುವುದಿಲ್ಲ ಎನ್ನುತ್ತಾಳೆ.

ನಿನಗೆ ಇದು ಹೇಗಾಗುತ್ತದೆ ಎಂದು ಬಲ್ಲೆ. ಒಂಬತ್ತು ವರ್ಷದವಳನ್ನು ಹುಡುಗರ ತಂಡಕ್ಕೆ ಸೇರಿಸುವಾಗ ನೆಂಟರ ಬಾಯಿ, ಕೋಚ್‌ನ ಬಾಯಿ ಎರಡನ್ನೂ ಮುಚ್ಚಿಸಿದವಳು ನೀನು. ಇಂಗ್ಲೆಂಡ್ ಪರವಾಗಿ ಅವಳು ಆಡಿದ್ದು ಒಂದೇ ಪಂದ್ಯ, ಅದೂ ಬದಲಿ ಆಟಗಾರ್ತಿಯಾಗಿ, ಮುಗಿಯಲು ಇನ್ನೇನು ಹತ್ತು ನಿಮಿಷ ಇರುವಾಗ. ಆ ಅಂಗಿಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದೀಯ. ಪಕ್ಕದಲ್ಲಿ ಎಂಟು ವರ್ಷದಿಂದ ಎರಡನೆಯ ಅಂಗಿಗೆ ಜಾಗ ಬಿಟ್ಟಿದ್ದೀಯ. ಮನೆಗೆ ಬಂದಾಗಲೆಲ್ಲ ಅವಳ ಕಣ್ಣು ಅಂಗಿಗಿಂತ ಮೊದಲು ಆ ಖಾಲಿ ಗೋಡೆಗೇ ಹೋಗುತ್ತದಂತೆ.

ಇಸ್ಸಾಕ್ವಾದ ಫಿಸಿಯೋ ಹತ್ತಿರಕ್ಕೆ ನಾನೇ ಡ್ರೈವ್ ಮಾಡಿ ಕರೆದೊಯ್ಯುತ್ತೇನೆ. ನಿನ್ನೆ ಅಲ್ಲಿಂದ ಹೊರಟು ಕಾರಿನಲ್ಲಿ ಕೂತಾಗ, "ಥರ್ಟಿ ಟೂ, ಖಾಲಾ. ಐ ಆಮ್ ಓಲ್ಡ್" ಎಂದಳು.

"ನನಗೆ ಐವತ್ತಾರು. ನಾನೇನ್ ಸತ್ತೋಗ್ಲಾ?" ಎಂದೆ.

"ಯು ಡೋಂಟ್ ಪ್ಲೇ ಲೆಫ್ಟ್ ಬ್ಯಾಕ್" ಎಂದು ನಕ್ಕಳು. ಈ ವಾರದಲ್ಲಿ ನಕ್ಕದ್ದು ಅಷ್ಟೇ.

ಮುಂದಿನ ತಿಂಗಳು ಮನೆಗೆ ಬರುತ್ತಾಳೆ. ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಏನಾದರೂ ತೂಗುಹಾಕು. ತಪ್ಪು ಕಾಲಿನದು ಎಂದುಕೋ, ಅವಳದಲ್ಲ.

ನಿನ್ನ ತಂಗಿ
ರೇಹಾನಾ

ಮತ್ತೆ: ಇದನ್ನು ಹಾನಿಯಾಳಿಗೆ ಓದಿ ಹೇಳಿದೆ. ಓದಲು ಬಾರದಿದ್ದರೂ ಕೇಳಿದರೆ ಅವಳಿಗೆ ಅರ್ಥವಾಗುತ್ತದಲ್ಲ. ಕೊನೆಯವರೆಗೂ ಕೇಳಿ, "ರಾಂಗ್ ಕಾಲ್, ಖಾಲಾ" ಎಂದಳು. ಕಾಲಿನ ಮೇಲೆ ತಪ್ಪು ಹೊರಿಸಿ ಅಮ್ಮನಿಗೆ ಸುಳ್ಳು ಹೇಳುವುದು ಬೇಡವಂತೆ. ಮಂಡಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ ಎಂದಿದ್ದಾರೆ ಡಾಕ್ಟರ್. ನೀನು ಕೇಳುವ ಕಾಲ್ ಕೂಡ ಬಂತು, ನಿನ್ನೆ, ಆ ಕಾರಿನಲ್ಲೇ. ತಂಡಕ್ಕೆ ಬರುವುದಿಲ್ಲ ಎಂದು ಅವಳೇ ಅವರಿಗೆ ಹೇಳಿದಳು. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು, ಮನೆ ತಲುಪುವವರೆಗೂ ನಿದ್ದೆ ಮಾಡಿದಳು.