ಅಪ್ಪ ಇಳಿಸುತ್ತಿದ್ದ ಸೌಂಡು

ನವೆಂಬರ್ ೧೮, ಮಂಗಳವಾರ

ತಿಕೋಟಾದ ಸಭೆಗೆ ಇಂದು ನಮ್ಮದೇ ಮೈಕು. ಮುಖಂಡರು ಕೆಳಗಿನ ಓಣಿಯತ್ತ ಕೈ ತೋರಿಸಿ, "ಇನ್ನ ಎಷ್ಟ ದಿನಾ ಸುಮ್ಮ ಕುಂಡ್ರತೀರಿ?" ಎಂದು ಕೂಗಿದಾಗ ಮುಂದಿನ ಸಾಲಿನವರು ಎದ್ದು ನಿಂತರು. ಸಂಜೆಯೊಳಗೆ ಆ ಓಣಿಯ ಮೂರು ಅಂಗಡಿಗಳ ಮೇಲೆ ಕಲ್ಲು ಬಿದ್ದವು.

ಆಗಿನಿಂದ ಅಪ್ಪನದೇ ನೆನಪು. ಬಬಲೇಶ್ವರದ ಸಭೆಗಳಲ್ಲಿ ಭಾಷಣ ಯಾರದೇ ಇರಲಿ, ಮಾತು ಬೈಗುಳಕ್ಕೆ ತಿರುಗಿತೆಂದರೆ ಅಪ್ಪ ಮೆಲ್ಲಗೆ ಸೌಂಡು ಇಳಿಸಿಬಿಡುತ್ತಿದ್ದ. "ಮಷಿನ್ ಕಾದೈತ್ರಿ ಸಾಹೇಬ್ರ, ಅಷ್ಟರಾಗ ಒಂದ್ ಚಾ ಕುಡೀರಿ" ಎನ್ನುತ್ತಿದ್ದ. ಚಹಾ ಮುಗಿಯುವಷ್ಟರಲ್ಲಿ ಸಾಹೇಬರ ಸಿಟ್ಟೂ ಇಳಿದಿರುತ್ತಿತ್ತು. ಜನ ಶೇಂಗಾ ತಿನ್ನುತ್ತ, ನಗುತ್ತ ಮನೆಗೆ ಹೋಗುತ್ತಿದ್ದರು. ಆ ಮಷಿನ್ ಇನ್ನೂ ಸ್ಟೇಷನ್ ರಸ್ತೆಯ ನಮ್ಮ ಮೈಕಿನ ಅಂಗಡಿಯಲ್ಲಿದೆ. ಅದು ಎಂದೂ ಕಾದದ್ದಿಲ್ಲ.

ಊಟಕ್ಕೆ ಬಡಿಸುವಾಗ ಹೆಂಡತಿ ರಾಜೇಶ್ವರಿ, "ನೀವರೇ ಏನ್ ಮಾಡ್ತಿದ್ರಿ? ಮಾತಾಡಿದವ್ರು ಅವ್ರು" ಎಂದಳು. ಹೂಂ ಎಂದೆ.

ಅವಳಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಭೆಯಲ್ಲಿ ಆ ಹೊತ್ತಿಗೆ ನನ್ನ ಬೆರಳೂ ಸೌಂಡಿನ ಗುಂಡಿಯ ಮೇಲೆಯೇ ಇತ್ತು. ಇಳಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ಮುಖಂಡರು ನನ್ನತ್ತ ನೋಡಿ, ಅಂಗೈ ಮೇಲೆತ್ತಿ ಸನ್ನೆ ಮಾಡಿದರು.

ನಾನು ಏರಿಸಿದೆ.