ಬಾಯಿ ಮುಚ್ಚಿಸಿದ ಸಾಲು

ಮಾರ್ಚ್ ೧೧, ಮಂಗಳವಾರ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ.

ಇವತ್ತು ಆಸ್ಪತ್ರೆಯಲ್ಲಿ, ಕಾಯುತ್ತ ಕೂತವರೆಲ್ಲರ ಎದುರು, ನಾವು ಮಾಡಿಕೊಟ್ಟ ಟೋಕನ್ ಪರದೆ ಕಪ್ಪಾಯಿತು. ಯಾರೋ ಹುಟ್ಟಿದ ತಾರೀಕು ತುಂಬಿರಲಿಲ್ಲ, ಅಷ್ಟೇ. "ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದು ನಮ್ಮ ಆಫೀಸಿನ ಮ್ಯಾನೇಜರ್ ನನ್ನ ಮೇಲೆ ಹರಿಹಾಯ್ದರು.

ಹೇಳಿತ್ತು! ಆ ಜಾಗ ಖಾಲಿ ಬಂದರೆ ಏನು ಗತಿ ಎಂದು, ನಾವು ಬರೆದ ಕೋಡನ್ನು ತಪಾಸಣೆ ಮಾಡುವ ಕಂಪೈಲರ್ ಹೋದ ವಾರವೇ, ಪ್ರೋಗ್ರಾಂ ಓಡುವ ಮೊದಲೇ, ಕೆಂಪಕ್ಷರದಲ್ಲಿ ಕೇಳಿತ್ತು. ನಾನೂ ಹೇಳಿದ್ದೆ. "ಅದೇನು ಅತ್ತೆ ಥರ ಎಲ್ಲಕ್ಕೂ ಕೊಂಕು ತೆಗೆಯುತ್ತೆ! ಮೊದಲು ಅದರ ಬಾಯಿ ಮುಚ್ಚಿಸಮ್ಮ" ಎಂದದ್ದು ಇದೇ ಮಹಾಶಯ. ಆ ಎಚ್ಚರಿಕೆ ತೋರಿಸಬೇಡ ಎಂದು ಕೋಡಿನಲ್ಲಿ ಒಂದು ಸಾಲು ಬರೆದು ಮುಚ್ಚಿಸಿದೆ.

ಕೋಣೆಯೊಳಗೇ ಬೈದು ಮುಗಿಸುವ ಕಂಪೈಲರ್ ಎಷ್ಟೋ ವಾಸಿ. ಓಡುವಾಗ ಬಯಲಾಗುವ ತಪ್ಪು ನಾಲ್ಕು ಜನರ ಮುಂದೆ ಮಾನ ಕಳೆಯುತ್ತದೆ.

ನಾಳೆ ಆ ಸಾಲು ಕಿತ್ತುಹಾಕಿ ಅದರ ಬಾಯಿ ಬಿಡಿಸುತ್ತೇನೆ. ಆಮೇಲೆ ನನ್ನ ಬಾಯಿ.